ನೌಕರಿ ಮಾಡೋ ಹೆಂಡ್ತಿಗಿ ಗಂಡನ ಪಿಎಫ್ ಪೆನ್ಷನ್ ಬರ್ತದೋ ಇಲ್ಲೋ? ಗೊತ್ತಿದ್ದವ್ರು ಜರಾ ಹೇಳ್ರಿ

ಕಲಬುರಗಿ ಟೀಚರ್:

ಎಲ್ಲರಿಗೂ ನಮಸ್ಕಾರ್ರಿ. ನಾ ಕಲಬುರಗಿ ತಾಲೂಕಿನ ಒಂದು ಸರ್ಕಾರಿ ಸಾಲ್ಯಾಗ ಟೀಚರ್ ಅದೀನಿ, 2009ರಾಗ ಸೇರಿದ್ದು, ಅಂದ್ರ ಹೊಸ ಪೆನ್ಷನ್ ಸ್ಕೀಮಿನಾಕಿ, ಎನ್‌ಪಿಎಸ್‌ದವಳು. ನಮ್ಮ ಮನಿಯವ್ರು ಸೇಡಂ ಕಡಿ ಒಂದು ಸಿಮೆಂಟ್ ಫ್ಯಾಕ್ಟ್ರ್ಯಾಗ 1999ರಿಂದ ಪರ್ಮನೆಂಟ್ ಇದ್ರು. ಹೋದ ದೀಪಾವಳಿ ಆಗಿ ಎಂಟು ದಿನಕ್ಕ ಹಾರ್ಟ್ ಅಟ್ಯಾಕ್ ಆಗಿ ಹೋಗಿಬಿಟ್ರು. 52 ವಯಸ್ಸು. ನೈಟ್ ಶಿಫ್ಟ್ ಮುಗ್ಸಿ ಬಂದು ಚಾ ಕುಡ್ದು ಮಲಗಿದವ್ರು ಏಳಲೇ ಇಲ್ಲ.

ಪಿಎಫ್ ರೊಕ್ಕ, ಗ್ರಾಚ್ಯುಟಿ ಬಗ್ಗೆ ಫ್ಯಾಕ್ಟ್ರಿಯವ್ರು ಮಾತಾಡ್ಯಾರ, ಅದು ಆಗ್ತದಂತ. ಆದ್ರ ಪೆನ್ಷನ್ ಮಾತು ತೆಗದ್ರ ಆಫೀಸ್ನ್ಯಾಗ ಕುಂತ ಹುಡುಗ "ಮೇಡಂ ನೀವು ಗೌರ್ಮೆಂಟ್ ನೌಕರದವ್ರು, ನಿಮಗ ಸಂಬಳ ಬರ್ತದ, ವಿಧವಾ ಪೆನ್ಷನ್ ಬರಂಗಿಲ್ಲ" ಅಂದ. ಹೊರಗ ಝೆರಾಕ್ಸ್ ಅಂಗಡಿ ಮುಂದ ಒಬ್ಬಾವ ಹಿಡ್ಕೊಂಡು "15 ಸಾವಿರ ಕೊಡ್ರಿ, ನೌಕರಿ ಇದ್ದದ್ದು ತೋರಸ್ಲಾರ್ದಂಗ ಮಾಡಿ ಕೊಡ್ತೀನಿ" ಅಂತಾನ. ನಂಗ ಅದು ಬ್ಯಾಡ್ರಿ. ಸುಳ್ಳು ಬರದು ನಾಳಿ ನನ್ನ ನೌಕರಿಗೇ ಕುತ್ತು ಬಂದ್ರ ಏನ್ ಮಾಡ್ಲಿ.

ಇನ್ನೊಂದು ತೊಡಕು ಅದ. ಅವ್ರು ನೌಕರಿಗಿ ಸೇರಿದಾಗ ಮದುವಿ ಆಗಿದ್ದಿಲ್ಲ, ನಾಮಿನಿ ಅಂತ ನಮ್ಮ ಅತ್ತಿ ಹೆಸರು ಬರಸ್ಯಾರ. ನಮ್ಮ ಮದುವಿ 2001ರಾಗ ಆತು, ಆಮ್ಯಾಲ ಬದಲಿ ಮಾಡಿಸೇ ಇಲ್ಲ, ಪ್ರತಿ ವರ್ಷ "ಮಾಡಸ್ತೀನಿ ಮಾಡಸ್ತೀನಿ" ಅಂತಿದ್ರು. ಅತ್ತಿ ನನ್ನ ಜೋಡಿನೇ ಇರ್ತಾರ, ಪಾಪ ಅವರಿಗೇನೂ ಬ್ಯಾಡ, ಮೈದುನ ಮಾತ್ರ ಆಗಾಗ ಆ ಮಾತು ಎತ್ತತಾನ. ಮಕ್ಕಳಿಬ್ರು, ಮಗ 22, ಬೆಂಗಳೂರಾಗ ಇಂಜಿನಿಯರಿಂಗ್ ಕೊನೀ ವರ್ಷ, ಮಗಳು 17, ಪಿಯುಸಿ.

ನಮ್ಮ ಅಕ್ಕನ ಮಗಳು ಅಮೇರಿಕಾದಾಗ ಇರ್ತಾಳ. ಆಕಿ ಫೋನ್ ಮಾಡಿ "ಚಿಗವ್ವ, ಇಲ್ಲಿ ಗಂಡ ಬದುಕಿರುವಾಗ್ಲೇ ಹೆಂಡ್ತಿಗಿ ಅವನ ಪೆನ್ಷನ್ನಿನ ಅರ್ಧ ಕೊಡ್ತಾರ, ನಿಮ್ಮಲ್ಲಿ ಸತ್ತ ಮ್ಯಾಲೂ ಕೊಡಂಗಿಲ್ಲಂದ್ರ ಹ್ಯಾಂಗ" ಅಂತ ಬೈದ್ಲು. ಅದೂ ಖರೇ ಏನ್ರಿ? ಗೊತ್ತಿದ್ದವ್ರು ಹೇಳ್ರಿ.

ಬಿಸಿಲೂರಿನವ:

ಅಕ್ಕೋರೆ ಕೇಳಿ ಭಾಳ ಕೆಟ್ಟ ಅನಿಸ್ತು. ಆದ್ರ ಆ ಹುಡುಗ ಹೇಳಿದ್ದು ಖರೇನೇ ಅದ ಅನಸ್ತದ. ನಮ್ಮ ಚಿಗವ್ವಗ ಚಿತ್ತಾಪುರದಾಗ ವಿಧವಾ ವೇತನ ಬರ್ತಿತ್ತು ತಿಂಗಳಾ 800, ಮಗಗ ನೌಕರಿ ಸಿಕ್ತು, ಆದಾಯ ಜಾಸ್ತಿ ಅಂತ ಬಂದ್ ಮಾಡಿಬಿಟ್ರು. ಮಗನ ನೌಕರಿಗೇ ಬಂದ್ ಮಾಡ್ಯಾರ, ನಿಮಗಂತೂ ಸ್ವಂತ ನೌಕರಿ. ಸುಮ್ನ ಅಡ್ಡಾಡಿ ಚಪ್ಪಲಿ ಸವಸ್ಬ್ಯಾಡ್ರಿ.

ವಾಡಿ ಜಂಕ್ಷನ್:

ತಮ್ಮಾ, ನೀ ಹೇಳೋದು ಬ್ಯಾರೆ, ಅಕ್ಕೋರು ಕೇಳೋದು ಬ್ಯಾರೆ. ನಿಮ್ಮ ಚಿಗವ್ವಂದು ತಹಶೀಲ್ ಆಫೀಸಿಂದ ಬರೋದು, ಸರ್ಕಾರ ಬಡವ್ರಿಗಿ ಕೊಡೋ ಸಹಾಯ, ಅದಕ್ಕ ಆದಾಯದ ಮಿತಿ ಇರ್ತದ. ಇದು ಗಂಡ ದುಡಿದ ನೌಕರಿಯಿಂದ ಬರೋದು. ಎರಡಕ್ಕೂ ಮಂದಿ ಬಾಯಾಗ "ವಿಧವಾ ಪೆನ್ಷನ್" ಅಂತಾನೇ ಹೆಸರು ಬಿದ್ದದ, ಅದಕ್ಕೇ ಈ ಗೊಂದಲ. ಆ ಫ್ಯಾಕ್ಟ್ರಿ ಹುಡುಗನೂ ಅದನ್ನೇ ತಲ್ಯಾಗ ಇಟ್ಕೊಂಡು ಮಾತಾಡ್ಯಾನ.

ನಂದು ರೈಲ್ವೆ, 2016ರಾಗ ವಾಡಿಯಿಂದ ರಿಟೈರ್ಡ್. ನನ್ನ ಹೆಂಡ್ತಿ ಹೈಸ್ಕೂಲ್ ಟೀಚರ್, ಇನ್ನೂ ಸರ್ವಿಸ್ನ್ಯಾಗ ಅದಾಳ, ನನಗಿಂತ ಹತ್ತು ವರ್ಷ ಸಣ್ಣಾಕಿ. ನನ್ನ ಪೆನ್ಷನ್ ಆರ್ಡರಿನ್ಯಾಗ (ಪಿಪಿಒ) ಆಕಿ ಹೆಸರು ಅದ. ನಾಳಿ ನಾ ಹೋದ್ರ ಆಕಿ ಸಂಬಳ ತಗೊಂತಾನೇ ನನ್ನ ಫ್ಯಾಮಿಲಿ ಪೆನ್ಷನ್ನೂ ತಗೊಳ್ಬಹುದು, ಆಕಿ ರಿಟೈರ್ ಆದ ಮ್ಯಾಲ ಆಕಿ ಪೆನ್ಷನ್ನೂ ಬ್ಯಾರೆ. ಕೇಂದ್ರ ಸರ್ಕಾರದ ನಿಯಮದಾಗ ಹೆಂಡ್ತಿಗಿ ನೌಕರಿ ಇದ್ರ ಕೊಡಬ್ಯಾಡ ಅಂತ ಎಲ್ಲೂ ಇಲ್ಲ. ಮೊದಲು ನೌಕರಿ ಇದ್ದ ಹೆಂಡ್ತಿಗಿ ಫ್ಯಾಮಿಲಿ ಪೆನ್ಷನ್ ಮ್ಯಾಲಿನ ಡಿಆರ್ (ತುಟ್ಟಿಭತ್ಯೆ) ಕೊಡ್ತಿದ್ದಿಲ್ಲ, ಕೋರ್ಟಿನ ತನಕ ಹೋಗಿತ್ತು ಅದು, ಆಮ್ಯಾಲ 1997ರ ಜುಲೈ 18ರಿಂದ ಅದನ್ನೂ ಕೊಡ್ಲಾಕ ಶುರು ಮಾಡಿದ್ರು. ನಮ್ಮದು ಕೊನೀ ಬೇಸಿಕ್ಕಿನ 30 ಪರ್ಸೆಂಟ್. ರಿಟೈರ್ ಆಗಿ ಸತ್ರ ಮೊದಲ 7 ವರ್ಷ ಇಲ್ಲಾ ನಮಗ 67 ಆಗೋ ತನಕ, ಯಾವುದು ಮೊದಲೋ ಅಲ್ಲಿ ತನಕ 50 ಪರ್ಸೆಂಟ್. ನಂಗ ಈಗ 69, ಆ ಲೆಕ್ಕ ದಾಟಿ ಹೋಗ್ಯದ, "ನೀವು ಎರಡ್ ವರ್ಷ ತಡಾ ಮಾಡಿದ್ರಿ" ಅಂತ ನಮ್ಮಾಕಿ ನಗತಾಳ.

ಫ್ಯಾಕ್ಟ್ರಿದು ಇಪಿಎಸ್, ಅಂದ್ರ ಪಿಎಫ್ ಜೋಡಿ ಇರೋ ನೌಕರರ ಪೆನ್ಷನ್ ಸ್ಕೀಮು, ಅದರ ಲೆಕ್ಕ ನನಗ ಪೂರಾ ಬರಂಗಿಲ್ಲ. ಬಲ್ಲವ್ರು ಹೇಳ್ಲಿ.

ಟೈಮ್ ಆಫೀಸ್ ಬೀದರ್:

ನಾ ಬಲ್ಲೆ, ಯಾಕಂದ್ರ 31 ವರ್ಷ ಬೀದರದಾಗ ಒಂದು ಕಾರ್ಖಾನಿ ಟೈಮ್ ಆಫೀಸಿನ್ಯಾಗ ಇದನ್ನೇ ಮಾಡೀನಿ.

ಅಕ್ಕೋರೆ, ಮೊದಲ ಮಾತು. ಇಪಿಎಸ್ 95ರಾಗ ಹೆಂಡ್ತಿಗಿ ನೌಕರಿ ಅದನೋ ಇಲ್ಲೋ, ಸಂಬಳ ಎಷ್ಟು ಅಂತ ಕೇಳೋ ಕಾಲಮ್ಮೇ ಇಲ್ಲ. ಹಂಗಾಗಿ ಆ ಝೆರಾಕ್ಸ್ ಅಂಗಡಿಯವ ಇಲ್ಲದ್ದನ್ನ ಮುಚ್ಚಿಡ್ಲಾಕ 15 ಸಾವಿರ ಕೇಳಾಕತ್ಯಾನ. ಗೌರ್ಮೆಂಟ್ ನೌಕರಿ ಇರ್ಲಿ, ಬ್ಯಾಂಕ್ ನೌಕರಿ ಇರ್ಲಿ, ಸ್ವತಃ ಆಕಿಗೇ ಇಪಿಎಸ್ ಪೆನ್ಷನ್ ಇದ್ರೂ ಗಂಡಂದು ಬ್ಯಾರೆ ಬರ್ತದ. ನಮ್ಮಲ್ಲೇ ಪ್ಯಾಕಿಂಗ್‌ನ್ಯಾಗ ಇದ್ದ ಒಬ್ಬಾಕಿ ಎರಡೂ ತಗೊಂತಿದ್ಲು, ತಿಂಗಳ ಮೊದಲ್ನೇ ವಾರ ಪಾಸ್‌ಬುಕ್ ಎಂಟ್ರಿ ಮಾಡಿಸ್ಕೊಂಡು ಬಂದು ನನ್ನ ಟೇಬಲ್ ಮ್ಯಾಲೆ ಇಟ್ಟು "ಇದು ನಂದು, ಇದು ಅವ್ರದು, ಹೌದಲ್ರಿ" ಅಂತ ಬಟ್ಟು ಇಟ್ಟು ತೋರಸ್ತಿದ್ಲು.

ನಾಮಿನಿ ಬಗ್ಗೆ ಚಿಂತಿ ಬ್ಯಾಡ. ಪಿಎಫ್‌ನ್ಯಾಗ ಮದುವಿಗಿಂತ ಮೊದಲು ಬರಸಿದ ನಾಮಿನೇಷನ್ನು ಮದುವಿ ಆದ ಮ್ಯಾಲ ತಾನೇ ರದ್ದು ಆಗ್ತದ. ಪೆನ್ಷನ್ನಿಗಂತೂ ಹೆಂಡ್ತಿ ಮಕ್ಕಳು ಇರೋ ತನಕ ನಾಮಿನಿಯ ಮಾತೇ ಬರಂಗಿಲ್ಲ. ತಾಯಿ ತಂದಿ ಸರದಿ ಬರೋದು ಹೆಂಡ್ತಿ ಮಕ್ಕಳು ಯಾರೂ ಇಲ್ಲದಿದ್ರ. ಮೈದುನನಿಗಿ ಇದನ್ನ ಪ್ರೀತಿಯಿಂದ ಹೇಳ್ರಿ, ಜಗಳ ಮಾಡ್ಕೋಬ್ಯಾಡ್ರಿ, ಅತ್ತಿ ನಿಮ್ಮ ಮನ್ಯಾಗ ಇರೋರು.

ಎಷ್ಟು ಬರ್ತದ ಅಂದ್ರ ಆಸೆ ಭಾಳ ಇಟ್ಕೋಬ್ಯಾಡ್ರಿ. ಪೇಸ್ಲಿಪ್ಪಿನ್ಯಾಗ ಅವ್ರಿಗಿ 40 ಸಾವಿರ ಇದ್ರೂ ಲೆಕ್ಕ 15,000ದ ಮ್ಯಾಲೇ ಆಗೋದು, ಅದೂ 2014ರ ಸೆಪ್ಟೆಂಬರ್ ಒಂದರಿಂದ. ಅದಕ್ಕಿಂತ ಮೊದಲಿನ ಸರ್ವಿಸ್ಸಿಗಿ 6,500. ಆ ಸಂಬಳಕ್ಕ ಸರ್ವಿಸ್ ವರ್ಷ ಗುಣಿಸಿ 70ರಿಂದ ಭಾಗಿಸ್ತಾರ. 1999ರಿಂದ 2014ರ ತನಕ 15 ವರ್ಷಕ್ಕ ಸುಮಾರು 1,390, ಅಲ್ಲಿಂದ ಈಚೀಗೆ 10 ವರ್ಷ ಹಿಡದ್ರ 2,140. ಹಿಂಗ 3,500ರ ಮ್ಯಾಲ ಒಂದಿಷ್ಟು. ಸರ್ವಿಸ್ನ್ಯಾಗ ಇದ್ದಾಗ ತೀರಿದ್ರ ಅವತ್ತೇ ರಿಟೈರ್ ಆದಂಗ ಲೆಕ್ಕ ಹಿಡಿದು ಆ ಪೂರಾ ಪೆನ್ಷನ್ ಹೆಂಡ್ತಿಗಿ, ಪೆನ್ಷನ್ ಶುರು ಆದ ಮ್ಯಾಲ ತೀರಿದ್ರ ಅರ್ಧ. ಒಟ್ಟು 1,000ಕ್ಕಿಂತ ಕಮ್ಮಿ ಆಗಂಗಿಲ್ಲ. ಡಿಎ ಗಿಎ ಇದ್ರಾಗ ಇಲ್ಲ, ಇವತ್ತು ಎಷ್ಟೋ ಹತ್ತು ವರ್ಷದ ಮ್ಯಾಲೂ ಅಷ್ಟೇ. ನಂದೂ ಅಷ್ಟೇ ಅದ, ಅದರಾಗ ಗ್ಯಾಸ್ ಸಿಲಿಂಡರ್ ತಂದ್ರ ಉಳದದ್ದು ಔಷಧಿಗಿ.

ಇದರ ಮ್ಯಾಲ ಮಕ್ಕಳದ್ದು. ಇದನ್ನ ಯಾರೂ ಹೇಳಂಗಿಲ್ಲ. ನಿಮ್ಮ ಪೆನ್ಷನ್ನಿನ 25 ಪರ್ಸೆಂಟ್ ಒಂದೊಂದು ಮಗುವಿಗಿ, ಒಮ್ಮಿಗಿ ಇಬ್ಬರ ತನಕ, 25 ವಯಸ್ಸು ಆಗೋ ಮಟ. ನಿಮ್ಮ ಮಗಗ 22, ಅವನಿಗೂ ಮೂರು ವರ್ಷ ಬರ್ತದ, ಮಗಳಿಗಿ ಎಂಟು ವರ್ಷ. ಮಗ ದೊಡ್ಡಾವ ಆಗ್ಯಾನ ಅಂತ ಫಾರ್ಮಿನ್ಯಾಗ ಅವನ ಹೆಸರು ಬಿಡಬ್ಯಾಡ್ರಿ, ಭಾಳ ಮಂದಿ ಬಿಡ್ತಾರ.

ಮತ್ತ ಇಡಿಎಲ್‌ಐ ಅಂತ ಒಂದು ಇನ್ಶೂರೆನ್ಸ್ ಅದ, ಅದರ ಹೆಸರು ಫ್ಯಾಕ್ಟ್ರಿಯವ್ರು ನಿಮಗ ಹೇಳಿದಂಗ ಕಾಣಂಗಿಲ್ಲ. ಸರ್ವಿಸ್ನ್ಯಾಗ ಇದ್ದಾಗ ತೀರಿದ್ರ ಬರೋದು. 15,000ದ ಮಿತಿಯೊಳಗಿನ ಸಂಬಳದ 35 ಪಟ್ಟು, ಪಿಎಫ್ ಬ್ಯಾಲೆನ್ಸಿನ ಅರ್ಧ ಅದರ ಜೋಡಿ 1 ಲಕ್ಷ 75 ಸಾವಿರದ ಒಳಗ, ಎಲ್ಲಾ ಕೂಡಿ 7 ಲಕ್ಷ ಮೀರಂಗಿಲ್ಲ. 26 ವರ್ಷ ಹತ್ರ ಸರ್ವಿಸ್ ಇದ್ದವ್ರಿಗಿ 7 ಲಕ್ಷನೇ ಬೀಳೋ ಹಂಗ ಇರ್ತದ. ಪೆನ್ಷನ್ನು, ಪಿಎಫ್ಫು, ಇದು, ಮೂರಕ್ಕೂ ಸೇರಿ ಮರಣದ ಕ್ಲೇಮಿಗಿ ಒಂದೇ ಫಾರ್ಮ್ ಅದ, ಮೊದಲು 20, 10ಡಿ, 5ಐಎಫ್ ಅಂತ ಬ್ಯಾರೆ ಬ್ಯಾರೆ ತುಂಬಸ್ತಿದ್ವಿ. ಫ್ಯಾಕ್ಟ್ರಿಯವ್ರ ಸೈನ್ ಬೇಕು. ಅವ್ರು ಸೈನಿಗಿ ಸತಾಯಿಸಿದ್ರ ಗೆಜೆಟೆಡ್ ಆಫೀಸರ್ ಇಲ್ಲಾ ಬ್ಯಾಂಕ್ ಮ್ಯಾನೇಜರ್ ಕಡಿಂದ ಅಟೆಸ್ಟ್ ಮಾಡಿಸಿ ಸೀದಾ ಪಿಎಫ್ ಆಫೀಸಿಗಿ ಕೊಡ್ಲಾಕ ಬರ್ತದ.

ಎಲ್ಲಿ ಸಿಕ್ಕೋತದ ಗೊತ್ತೇನ್ರಿ? ಹೆಸರಿನ್ಯಾಗ. ನಮ್ಮ ಕಡಿ ಹೆಸರಿನ ಕೊನೀಗಿ "ಪ್ಪ" ಒಂದ್ರಾಗ ಇರ್ತದ ಒಂದ್ರಾಗ ಇರಂಗಿಲ್ಲ, ಆಧಾರ್‌ನ್ಯಾಗ ಅಪ್ಪನ ಹೆಸರು ನಡುವ ಬಂದಿರ್ತದ, ಡೆತ್ ಸರ್ಟಿಫಿಕೇಟಿನ್ಯಾಗ ದವಾಖಾನಿಯವ್ರು ಕೇಳಿದಂಗ ಬರದಿರ್ತಾರ. ಈ ಒಂದು "ಪ್ಪ"ಕ್ಕ ನಾ ಆರು ತಿಂಗಳು ಓಡಾಡಿದ ಫೈಲ್ ಅದಾವ. ಅದಕ್ಕ ಮೊದಲು ಪಿಎಫ್ ಸ್ಲಿಪ್ಪು, ಆಧಾರ್, ಡೆತ್ ಸರ್ಟಿಫಿಕೇಟು, ನಿಮ್ಮ ಮದುವಿ ಆದ ಮ್ಯಾಲಿನ ಹೆಸರಿರೋ ಪಾಸ್‌ಬುಕ್ಕು, ನಾಕೂ ನೆಲದ ಮ್ಯಾಲ ಸಾಲಾಗಿ ಹಾಸ್ಕೊಂಡು ಕೂತು ಅಕ್ಷರ ಅಕ್ಷರ ನೋಡ್ರಿ, ಆಮ್ಯಾಲ ಫಾರ್ಮ್ ಮುಟ್ರಿ.

ಅನಾಮಿಕ:

ಸರ್ಕಾರಿ ಸಂಬಳ ಅದ, ಪಿಎಫ್ ಲಕ್ಷಗಟ್ಲೆ ಬರ್ತದ, ಇನ್ಶೂರೆನ್ಸ್ 7 ಲಕ್ಷ ಅಂತೀರಿ, ಅದರ ಮ್ಯಾಲ 3 ಸಾವಿರಕ್ಕೂ ಬಾಯಿ ಬಿಡ್ತಾರಲ್ಲ. ಹೊಟ್ಟಿಗಿ ಇಲ್ಲದವ್ರು ಎಷ್ಟ್ ಮಂದಿ ಅದಾರ ಊರಾಗ.

ಟೈಮ್ ಆಫೀಸ್ ಬೀದರ್:

ಅಣ್ಣಾ ಇದು ಹೊಟ್ಟಿಗಿ ಇಲ್ಲದವ್ರ ಪಾಲಿಂದು ಅಲ್ಲ. ಆ ಮನುಷ್ಯನ ಹೆಸರಿನ ಮ್ಯಾಲ ಕಾರ್ಖಾನಿ ಪಾಲಿನ ಪಿಎಫ್‌ನ್ಯಾಗಿಂದ ಸಂಬಳದ 8.33 ಪರ್ಸೆಂಟ್ ತಿಂಗಳಾ ತಿಂಗಳಾ ಇದಕ್ಕ ಹೋಗ್ಯದ. ಅವ್ರು ಸೇರಿದಾಗ 417 ರೂಪಾಯಿ, 2001ರ ಜೂನ್‌ದಿಂದ 541, 2014ರ ಸೆಪ್ಟೆಂಬರ್‌ದಿಂದ 1,250. 25 ವರ್ಷ ಅದು ಪಿಎಫ್‌ನ್ಯಾಗ ಉಳಿಲಾರ್ದ ಪೆನ್ಷನ್ ಕಾಲಮ್ಮಿಗಿ ಬಿದ್ದದ. ಆ ರೊಕ್ಕ ಅವರೇ ಬಿಡಬೇಕಂದ್ರ ನೀ ಮೊದಲು ನಿಂದು ಬಿಟ್ಟು ತೋರಸು.

ಕಲಬುರಗಿ ಟೀಚರ್:

ಬೀದರ್ ಸರ್ ನಿಮಗ ಎಷ್ಟು ಥ್ಯಾಂಕ್ಸ್ ಹೇಳಿದ್ರೂ ಕಮ್ಮಿ. ಇಡಿಎಲ್‌ಐ ಅನ್ನೋ ಹೆಸರೇ ನಾ ಕೇಳಿದ್ದಿಲ್ರಿ. ಅನಾಮಿಕ ಅವ್ರಿಗಿ ಏನ್ ಹೇಳ್ಲಿ, ನನ್ನ ಸಂಬಳದಾಗ ಮನಿ ಸಾಲದ ಕಂತು ಹೋದ ಮ್ಯಾಲ ಮಗನ ಹಾಸ್ಟೆಲ್ಲಿಗಿ ಎಷ್ಟು ಉಳಿತದ ಅಂತ ಬಂದು ನೋಡ್ರಿ ಅಂತೀನಿ ಅಷ್ಟೇ. ಒಂದು ಡೌಟು, ಇದು ಬಂದ್ರ ನಾ ನಮ್ಮ ಬಿಇಒ ಆಫೀಸಿಗಿ ಹೇಳ್ಬೇಕಾ? ಇನ್‌ಕಮ್ ಟ್ಯಾಕ್ಸಿಗಿ?

ಯಾದಗಿರಿ ಹುಡುಗ ಬೆಂಗಳೂರಲ್ಲಿ:

ಮೇಡಂ, ನಾನು ಯಾದಗಿರಿಯವನೇ, ಇಲ್ಲಿ ಒಬ್ರು ಆಡಿಟರ್ ಹತ್ರ ಕೆಲಸ. ಟ್ಯಾಕ್ಸ್ ವಿಷಯ ನಾನು ಹೇಳ್ತೀನಿ.

ನಿಮ್ಮ ಸ್ವಂತ ಪೆನ್ಷನ್ ಆಗಿದ್ರೆ ಅದು ಸಂಬಳದ ಲೆಕ್ಕದಲ್ಲೇ ಬರೋದು, ಗಂಡನ ಕಡೆಯಿಂದ ಬರೋ ಫ್ಯಾಮಿಲಿ ಪೆನ್ಷನ್ ಹಾಗಲ್ಲ, ಅದು ಇತರೆ ಮೂಲದ ಆದಾಯ. ಅದಕ್ಕೆ ಟಿಡಿಎಸ್ ಕಟ್ ಆಗಿ ಬರಲ್ಲ, ಅದೇ ತೊಂದರೆ, ಎಲ್ರೂ ಟ್ಯಾಕ್ಸ್ ಇಲ್ಲ ಅಂದ್ಕೊಂಡು ರಿಟರ್ನ್‌ನಲ್ಲಿ ತೋರಿಸೋದೇ ಮರೀತಾರೆ. ಬರೋ ಮೊತ್ತದಲ್ಲಿ ಮೂರನೇ ಒಂದು ಭಾಗ ಅಥವಾ ಒಂದು ಮಿತಿ, ಎರಡರಲ್ಲಿ ಯಾವುದು ಕಮ್ಮಿನೋ ಅಷ್ಟು ಕಳೀಬಹುದು. ಆ ಮಿತಿ ಹಳೇ ರೆಜೀಮಲ್ಲಿ 15,000, ಹೊಸ ರೆಜೀಮಲ್ಲಿ 2024-25ನೇ ಆರ್ಥಿಕ ವರ್ಷದಿಂದ 25,000. ಈಗ ತಿಂಗಳಿಗೆ 3,500 ಅಂದ್ರೆ ವರ್ಷಕ್ಕೆ 42,000, ಮೂರನೇ ಒಂದು ಭಾಗ 14,000, ಅಂದ್ರೆ ನಿಮಗೆ ಯಾವ ರೆಜೀಮಾದ್ರೂ 14,000 ಕಳೆದು 28,000 ನಿಮ್ಮ ಸಂಬಳದ ಜೊತೆ ಸೇರತ್ತೆ. ಯಾರಾದ್ರೂ ಕಣ್ಣು ಮುಚ್ಕೊಂಡು 25,000 ಕಳೀರಿ ಅಂದ್ರೆ ಕೇಳ್ಬೇಡಿ, ನಮ್ಮ ಆಫೀಸಿಗೆ ಬರೋ ಅರ್ಧ ಜನ ಇದೇ ತಪ್ಪು ಮಾಡ್ಕೊಂಡು ಬರ್ತಾರೆ.

ಸಂಬಳ ಬಟವಾಡೆ ಮಾಡೋ ನಿಮ್ಮ ಆಫೀಸಿಗೆ ಈ ಆದಾಯ ಬರೆದು ಕೊಟ್ರೆ ಅವರೇ ಸಂಬಳದಲ್ಲಿ ಟ್ಯಾಕ್ಸ್ ಹಿಡೀತಾರೆ, ಕೊನೆಗೆ ಒಂದೇ ಸಲ ಕಟ್ಟೋ ತಾಪತ್ರಯ ಇರಲ್ಲ. ಬಾಕಿ ಒಟ್ಟಿಗೆ ಬಂದು ಆ ವರ್ಷದ ಟ್ಯಾಕ್ಸ್ ಜಾಸ್ತಿ ಆಯ್ತು ಅಂದ್ರೆ 10ಇ ಫಾರ್ಮ್ ಹಾಕಿ ರಿಲೀಫ್ ಕೇಳಬಹುದು, ಫ್ಯಾಮಿಲಿ ಪೆನ್ಷನ್ ಬಾಕಿಗೂ ಅದು ಇದೆ, ಆದ್ರೆ ರಿಟರ್ನ್ ಹಾಕೋಕೆ ಮುಂಚೆನೇ ಆ ಫಾರ್ಮ್ ಹಾಕಿರಬೇಕು. ಪಿಎಫ್ ಮೊತ್ತಕ್ಕೆ, ಇಡಿಎಲ್‌ಐಗೆ ಟ್ಯಾಕ್ಸ್ ಇಲ್ಲ.

ಹ್ಯೂಸ್ಟನ್ ಹುಮನಾಬಾದ್:

ಅಮೇರಿಕಾದ್ದು ಕೇಳಿದ್ರಲ್ಲ ಅಕ್ಕಾ, ನಾ ಹುಮನಾಬಾದದಾಕಿ, ಇಲ್ಲಿ 24 ವರ್ಷ ಆತು, ಹೋದ ವರ್ಷ ನಮ್ಮ ಯಜಮಾನ್ರು ರಿಟೈರ್ ಆದಾಗ ಇದರಾಗೇ ಮುಳುಗಿ ಎದ್ದೀನಿ. ನಿಮ್ಮ ಅಕ್ಕನ ಮಗಳು ಹೇಳಿದ್ದು ಅರ್ಧ ಖರೇ.

ಇಲ್ಲಿ ಸೋಶಿಯಲ್ ಸೆಕ್ಯುರಿಟಿ ಅಂತ ಸರ್ಕಾರದ ಪೆನ್ಷನ್ ಅದ. ಗಂಡ ತನ್ನದು ತಗೊಳ್ಳಾಕ ಶುರು ಮಾಡಿದ ಮ್ಯಾಲ ಹೆಂಡ್ತಿ ಅವನ ಪೂರ್ತಿ ವಯಸ್ಸಿನ (ಕಡಿತ ಇಲ್ಲದ ಪೆನ್ಷನ್ ಸಿಗೋ ವಯಸ್ಸಿನ) ಮೊತ್ತದ ಅರ್ಧದ ತನಕ ಕೇಳಬಹುದು, ಅವಂದು ಕಮ್ಮಿ ಆಗಂಗಿಲ್ಲ. ಆದ್ರ ಹೆಂಡ್ತಿ ಸ್ವತಃ ದುಡದಿದ್ರ ಮೊದಲು ಆಕಿದೇ ಕೊಡ್ತಾರ, ಅದು ಗಂಡನ ಅರ್ಧಕ್ಕಿಂತ ಕಮ್ಮಿ ಇದ್ರ ಮಾತ್ರ ಉಳದದ್ದು ತುಂಬಸ್ತಾರ. ನಂದು ಅವ್ರ ಅರ್ಧಕ್ಕಿಂತ ಜಾಸ್ತಿ ಅದ, ಹಂಗಾಗಿ ನಂಗ ಅವ್ರದ್ರಾಗಿಂದ ಒಂದು ಡಾಲರೂ ಇಲ್ಲ. 1960 ಮತ್ತ ಆಮ್ಯಾಲ ಹುಟ್ಟಿದವ್ರಿಗಿ ಪೂರ್ತಿ ವಯಸ್ಸು ಅಂದ್ರ 67. 62ಕ್ಕೇ ಅವಸರ ಮಾಡಿದ್ರ ಅರ್ಧ ಹೋಗಿ 32.5 ಪರ್ಸೆಂಟಿಗಿ ಇಳಿತದ.

ಇನ್ನ ನೌಕರಿ ಮಾಡ್ತಾ ತಗೊಳ್ಳೋದು. ಇಲ್ಲಿ ಅದು ಅಡ್ಡ ಬರ್ತದ, ನಿಮ್ಮಲ್ಲಿ ಬರಂಗಿಲ್ಲ, ಅದೇ ಮಜಾ. ಪೂರ್ತಿ ವಯಸ್ಸು ಆಗೋಕಿಂತ ಮೊದಲು ನೌಕರಿ ಮಾಡ್ತಾ ತಗೊಂಡ್ರ ಒಂದು ಮಿತಿ (2025ರಾಗ 23,400 ಡಾಲರ್ ಇತ್ತು) ಮೀರಿ ದುಡಿದ ಪ್ರತಿ 2 ಡಾಲರಿಗಿ 1 ಡಾಲರ್ ತಡೆ ಹಿಡೀತಾರ. ಆ ಹಿಡಿದದ್ದನ್ನ ಪೂರ್ತಿ ವಯಸ್ಸು ಆದ ಮ್ಯಾಲ ಲೆಕ್ಕ ಹಾಕಿ ತಿಂಗಳ ಮೊತ್ತ ಏರಸ್ತಾರ, ಪೂರಾ ಮುಳುಗಂಗಿಲ್ಲ. 67 ದಾಟಿದ ಮ್ಯಾಲ ಎಷ್ಟು ದುಡದ್ರೂ ಕೇಳಂಗಿಲ್ಲ. ಈ ಲೆಕ್ಕ ತಿಳ್ಕೊಳ್ಳಾಕ ನಾವಿಬ್ರೂ ಒಂದು ಇಡೀ ಐತ್ವಾರ ಕಳದೀವಿ, ಕೊನೀಗಿ ಹೋಳಿಗಿ ಹೂರಣನೂ ತಳ ಹತ್ತಿತ್ತು.

ವಾಡಿ ಜಂಕ್ಷನ್:

ತಂಗೀ ಚಲೋ ಹೇಳಿದಿ. ನಮ್ಮಲ್ಲಿ ಗಂಡ ಬದುಕಿರುವಾಗ ಹೆಂಡ್ತಿಗಿ ಅಂತ ಬ್ಯಾರೆ ಪಾಲು ಯಾವ ಪೆನ್ಷನ್ನಿನ್ಯಾಗೂ ಇಲ್ಲ. ನನ್ನ ಪೆನ್ಷನ್ ಬಂದ ದಿನವೇ ನಮ್ಮಾಕಿ ಕೈಗಿ ಹೋಗ್ತದ, ಅದು ಮನಿ ಕಾನೂನು.

ಕಲಬುರಗಿ ಟೀಚರ್:

ಎಲ್ಲರಿಗೂ ಹೇಳಬೇಕಂತ ಬಂದೀನಿ. ಮೂರು ವಾರ ಆತು. ಬೀದರ್ ಸರ್ ಹೇಳಿದಂಗ ಐತ್ವಾರ ಎಲ್ಲಾ ಕಾಗದ ನೆಲಕ್ಕ ಹಾಸ್ಕೊಂಡು ಕೂತೆ. ಅತ್ತಿ ತಮ್ಮ ಟ್ರಂಕಿನ್ಯಾಗಿಂದ ಒಂದು ಪ್ಲಾಸ್ಟಿಕ್ ಚೀಲ ತೆಗದು ಕೊಟ್ರು, ಮನಿಯವ್ರು ಪ್ರತಿ ವರ್ಷ ಪಿಎಫ್ ಸ್ಲಿಪ್ ತಂದು ತಾಯಿ ಕೈಯಾಗ ಕೊಟ್ಟು ಇಟ್ಟಿದ್ರಂತ, ನಂಗ ಗೊತ್ತೇ ಇದ್ದಿಲ್ಲ. ಹಳೇ ಸ್ಲಿಪ್ಪಿನ್ಯಾಗ ಪೆನ್ಷನ್ ಅಂತ ಬ್ಯಾರೆ ಕಾಲಮ್ಮು ಅದ, ಸರ್ ಹೇಳಿದ ಲೆಕ್ಕಕ್ಕ ಹೊಂದತದ. ಹೆಸರೂ ನೋಡಿದೆ. ಸ್ಲಿಪ್ಪಿನ್ಯಾಗ "ಪ್ಪ" ಇಲ್ಲ, ಆಧಾರ್‌ನ್ಯಾಗ ಅದ, ಡೆತ್ ಸರ್ಟಿಫಿಕೇಟಿನ್ಯಾಗೂ ಅದ. ನಗಬೇಕೋ ಅಳಬೇಕೋ ತಿಳೀಲಿಲ್ರಿ.

ಫ್ಯಾಕ್ಟ್ರಿಗಿ ಹೋಗಿ ಆ ಹುಡುಗನ ಮುಂದ ಇಪಿಎಸ್‌ನ್ಯಾಗ ಹೆಂಡ್ತಿ ನೌಕರಿ ಕೇಳೋ ಕಾಲಮ್ ಎಲ್ಲದ ತೋರಸಪ್ಪಾ ಅಂದೆ. ಒಳಗ ಹೋಗಿ ದೊಡ್ಡ ಸಾಹೇಬ್ರನ್ನ ಕೇಳ್ಕೊಂಡು ಬಂದ, ಆಮ್ಯಾಲ ತಾನೇ ಫಾರ್ಮ್ ತೆಗದು ಕೊಟ್ಟ, ಕುರ್ಚಿನೂ ಹಾಕ್ದ. ಹೆಸರು ಸರಿ ಮಾಡಸೋ ಜಾಯಿಂಟ್ ಡಿಕ್ಲರೇಷನ್ನಿಗಿ ಫ್ಯಾಕ್ಟ್ರಿಯವ್ರೇ ಸೈನ್ ಮಾಡಿ ಕಳಸ್ತಾರಂತ. ಮೈದುನ ತಾನೇ ಗಾಡಿ ಮ್ಯಾಲ ಕರಕೊಂಡು ಹೋಗಿದ್ದ, ದಾರ್ಯಾಗ ಆ ನಾಮಿನಿ ಮಾತು ತೆಗೀಲಿಲ್ಲ.

ಮಗ ಶನಿವಾರ ಬರ್ತಾನ. ಮಕ್ಕಳ ಫೋಟೋ ಬೇಕಲ್ಲ, ಸೂಪರ್ ಮಾರ್ಕೆಟಿಗಿ ಹೋಗಿ ಮೂವರೂ ತೆಗಸ್ಕೊಂಡು ಬರ್ತೀವಿ. ಬೀದರ್ ಸರ್, ಮಗಳಿಗಿ 18 ಆಗಿಲ್ಲ, ಆಕಿ ಪಾಲು ನನ್ನ ಖಾತೆಗೇ ಹಾಕ್ತಾರೋ ಆಕಿ ಹೆಸರಿನ್ಯಾಗ ಈಗಲೇ ಖಾತೆ ತೆಗಸ್ಬೇಕೋ?

ಟೈಮ್ ಆಫೀಸ್ ಬೀದರ್:

ಹೆಂಗಿದ್ರೂ ಮುಂದ ಬೇಕಾಗ್ತದ, ಆಕಿ ಹೆಸರಿನ್ಯಾಗ ನಿಮ್ಮನ್ನ ಗಾರ್ಡಿಯನ್ ಮಾಡಿ ಒಂದು ಖಾತೆ ತೆಗಸೇಬಿಡ್ರಿ. ಪಾಸ್‌ಬುಕ್ಕಿನ್ಯಾಗ ಹೆಸರು ಆಧಾರ್‌ನ್ಯಾಗ ಇದ್ದಂಗೇ ಬರಸ್ರಿ, ಅಪ್ಪನ ಹೆಸರಿನ "ಪ್ಪ" ಸೈತ.